ಫೀನಾಲೂ ಸಿರುಗುಪ್ಪದ ಗಿರಣಿಯ ಲೆಕ್ಕವೂ

ಬಳ್ಳಾರಿಯ ಬೇಸಗೆಯನ್ನು ವರ್ಣಿಸಲು ಕವಿಯೇ ಆಗಬೇಕೆಂದಿಲ್ಲ; ಒಂದು ಸೀಸೆ ಫೀನಾಲ್ ಆ ಕೆಲಸವನ್ನು ಮಾಡಬಲ್ಲದು. ಶುದ್ಧ ಫೀನಾಲ್ ಬಿಳಿಯ ಹರಳು. ಉಷ್ಣಮಾನ ೪೧ ಡಿಗ್ರಿಯನ್ನು ಮುಟ್ಟಿತೆಂದರೆ ಅದು ಕರಗಿ ದ್ರವವಾಗುತ್ತದೆ. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಕಲ್ಲುಸಕ್ಕರೆಯಂತೆ ಗಟ್ಟಿಯಾಗಿ ಕುಳಿತಿರುವ ಈ ಪದಾರ್ಥ, ನಮ್ಮೂರಿನಲ್ಲಿ ಬಿಸಿಲ ಝಳ ಗೋಡೆ ದಾಟಿ ಒಳಗೂ ನುಗ್ಗಿದ ದಿನ ಕಪಾಟಿನಲ್ಲಿಯೇ ನೀರಾಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುವುದುಂಟು.

ನಾನು ಕನ್ನಡ ಪಾಠ ಹೇಳುವವನು. ರಸಾಯನಶಾಸ್ತ್ರಕ್ಕೂ ನನಗೂ ಇರುವುದು ನೆರೆಕೋಣೆಯ ನಂಟು ಮಾತ್ರ. ಆದರೂ ಈ ವಸ್ತುವಿನ ಬೆನ್ನುಹತ್ತುವಂತೆ ಮಾಡಿದವನು ನನ್ನ ವಿದ್ಯಾರ್ಥಿಯೊಬ್ಬ. ಅವನು ಸಿರುಗುಪ್ಪದವನು, ತಂದೆ ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. "ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲನ್ನು ಕೋಕ್ ಮಾಡುತ್ತಾರೆ, ಅದರಿಂದ ಟಾರು ಬರುತ್ತದೆ, ಟಾರಿನಲ್ಲಿ ಫೀನಾಲ್ ಇದೆ. ಹಾಗಿದ್ದರೆ ನಮ್ಮ ಜಿಲ್ಲೆಯಲ್ಲಿಯೇ ಏಕೆ ಫೀನಾಲ್ ತಯಾರಿಸಬಾರದು, ಸರ್?" ಎಂದು ಕೇಳಿದ. ಪದವಿ ಮುಗಿಸಿ ಊರು ಬಿಡಬೇಕೆ, ಉಳಿಯಬಹುದೆ ಎಂಬ ಚಿಂತೆ ಆ ಪ್ರಶ್ನೆಯ ಒಳಗಿದ್ದುದರಿಂದ ಅದನ್ನು ಹಗುರವಾಗಿ ಕಾಣುವಂತಿರಲಿಲ್ಲ.

ಮೊದಲು ಒಂದು ತೊಡಕನ್ನು ಬಿಡಿಸಬೇಕು. ಮನೆಯ ನೆಲ ಒರೆಸುವ ಫಿನಾಯಿಲೇ ಫೀನಾಲ್ ಎಂದು ತಿಳಿದವರು ಬಹಳ. ಕಪ್ಪು ಫಿನಾಯಿಲು ಟಾರೆಣ್ಣೆಯನ್ನು ಸಾಬೂನಿನೊಡನೆ ಕಲಸಿದ್ದು, ಫೀನಾಲಿಗೆ ದಾಯಾದಿ. ಬಿಳಿಯ ಫಿನಾಯಿಲಿಗೆ ದೇವದಾರು ಜಾತಿಯ ಮರದ ಎಣ್ಣೆಯೇ ಮುಖ್ಯ, ಅದಕ್ಕೆ ಆ ನೆಂಟಸ್ತಿಕೆಯೂ ಇಲ್ಲ. ನಿಜವಾದ ಫೀನಾಲು ಚರ್ಮಕ್ಕೆ ತಗುಲಿದರೆ ಮೊದಲು ಜೋಮು ಹಿಡಿಸಿ, ನೋವೇ ತಿಳಿಯದಂತೆ ಸುಡುತ್ತದೆ. ೧೮೩೪ರಲ್ಲಿ ಜರ್ಮನಿಯ ರೂಂಗೆ ಎಂಬಾತ ಇದನ್ನು ಕಲ್ಲಿದ್ದಲಿನ ಟಾರಿನಿಂದ ಬೇರ್ಪಡಿಸಿದನು. ಆಗ ಯುರೋಪಿನ ಬೀದಿದೀಪಗಳಿಗೆ ಕಲ್ಲಿದ್ದಲಿನ ಅನಿಲ ಉರಿಯುತ್ತಿತ್ತು; ಟಾರು ಆ ಅನಿಲದ ಕಸ. ಗ್ರೀಕ್ ಭಾಷೆಯ 'ಬೆಳಗು' ಎಂಬರ್ಥದ ಧಾತುವಿನಿಂದ ಫೀನಾಲ್ ಎಂಬ ಹೆಸರು ಬಂದುದಕ್ಕೆ ಇದೇ ಕಾರಣ. ೧೮೬೫ರಲ್ಲಿ ಲಿಸ್ಟರ್ ಎಂಬ ಶಸ್ತ್ರವೈದ್ಯನು ಗ್ಲಾಸ್ಗೋದಲ್ಲಿ, ಕಾಲುಮುರಿದ ಬಾಲಕನೊಬ್ಬನ ಗಾಯಕ್ಕೆ ಇದೇ ಕಾರ್ಬಾಲಿಕ್ ಆಮ್ಲವನ್ನು ಹಚ್ಚಿ ಕೀವಾಗದಂತೆ ಕಾಪಾಡಿದನು. ಆಸ್ಪತ್ರೆಯೆಂದೊಡನೆ ನೆನಪಾಗುತ್ತಿದ್ದ ಹಳೆಯ ವಾಸನೆ ಅದು.

ಈಗ ತೋರಣಗಲ್ಲಿನ ಲೆಕ್ಕವನ್ನು ನೋಡೋಣ. ಒಂದು ಟನ್ನು ಕಲ್ಲಿದ್ದಲನ್ನು ಗಾಳಿ ಸೋಂಕದ ಗೂಡಿನಲ್ಲಿ ಕಾಯಿಸಿದರೆ ಸುಮಾರು ೩೦ರಿಂದ ೪೦ ಕಿಲೋ ಟಾರು ಬರುವುದು. ಅದರಲ್ಲಿ ಫೀನಾಲಿನ ಪಾಲು ನೂರಕ್ಕೆ ಒಂದನ್ನೂ ಮುಟ್ಟದು. ಅಂದರೆ ಟನ್ನು ಕಲ್ಲಿದ್ದಲಿಗೆ ಅರ್ಧ ಕಿಲೋ ಫೀನಾಲೂ ಇಲ್ಲ. ವರ್ಷಕ್ಕೆ ೪೦,೦೦೦ ಟನ್ನು ಫೀನಾಲ್ ಬೇಕೆಂದರೆ ಎಂಟು ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ಕೋಕ್ ಮಾಡಬೇಕು! ಆದ್ದರಿಂದ ಟಾರನ್ನು ಬಟ್ಟಿಯಿಳಿಸುವವರು ಅದರಲ್ಲಿ ಹೇರಳವಾಗಿರುವ ಪಿಚ್ ಮುಂತಾದವುಗಳ ಮೇಲೆ ಕಣ್ಣಿಡುವರೇ ಹೊರತು ಈ ಚಿಟಿಕೆಯ ಮೇಲಲ್ಲ.

ಟಾರಿನ ಈ ಬಡತನವನ್ನು ಜಗತ್ತು ಕಂಡುಕೊಂಡದ್ದು ಮೊದಲನೆಯ ಮಹಾಯುದ್ಧದಲ್ಲಿ. ಫೀನಾಲಿನಿಂದ ಪಿಕ್ರಿಕ್ ಆಮ್ಲವೆಂಬ ಸಿಡಿಮದ್ದು ಆಗುತ್ತದೆ. ಯುದ್ಧ ಹತ್ತಿತೆಂದರೆ ಔಷಧದವನಿಗೂ ಅಂಟಿನವನಿಗೂ ಅದು ಸಿಗುವಂತಿಲ್ಲ. ಗ್ರಾಮಫೋನ್ ತಟ್ಟೆಗಳಿಗೆ ಫೀನಾಲ್ ಸಾಲದೆ ಎಡಿಸನ್ ಮಹಾಶಯನು ಬೆಂಜೀನಿನಿಂದ ತಾನೇ ತಯಾರಿಸತೊಡಗಿದನು. ಅವನಲ್ಲಿ ಮಿಕ್ಕಿದ್ದನ್ನು ೧೯೧೫ರಲ್ಲಿ ಜರ್ಮನಿಯ ಪರವಾದವರು ಗುಟ್ಟಾಗಿ ಕೊಂಡು ಆಸ್ಪಿರಿನ್ ಮಾಡಲು ಒದಗಿಸಿದರು. ಸಿಡಿಮದ್ದಾಗಬೇಕಾದದ್ದು ತಲೆನೋವಿನ ಮಾತ್ರೆಯಾಯಿತು.

ಇಂದು ಲೋಕದ ಬಹುಪಾಲು ಫೀನಾಲ್ ತಯಾರಾಗುವ ವಿಧಾನವನ್ನು ಹಾಕ್ ಮತ್ತು ಲಾಂಗ್ ಎಂಬ ಜರ್ಮನ್ ವಿಜ್ಞಾನಿಗಳು ೧೯೪೪ರಲ್ಲಿ ಪ್ರಕಟಿಸಿದರು. ಕಲ್ಲೆಣ್ಣೆಯ ಶುದ್ಧೀಕರಣದಿಂದ ಬರುವ ಬೆಂಜೀನ್ ಮತ್ತು ಪ್ರೊಪಿಲೀನ್ ಎಂಬೆರಡನ್ನು ಕೂಡಿಸಿದರೆ ಕ್ಯುಮೀನ್ ಎಂಬ ದ್ರವವಾಗುತ್ತದೆ. ಹಿಂದೊಮ್ಮೆ ಜೀರಿಗೆಯ ಎಣ್ಣೆಯ ಜಾಡು ಹಿಡಿದು ಇದನ್ನು ಪಡೆದಿದ್ದರಿಂದ ಆ ಹೆಸರು. ಶಬ್ದಗಳ ಹಿಂದೆ ಅಲೆಯುವ ನನ್ನಂಥವನಿಗೆ ಇದೊಂದು ಲಾಭ. ಈ ಕ್ಯುಮೀನಿನೊಳಗೆ ಸುಮಾರು ನೂರು ಡಿಗ್ರಿ ಶಾಖದಲ್ಲಿ ಗಾಳಿಯನ್ನು ಊದುವರು. ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡೊಂದು ಹುಟ್ಟುತ್ತದೆ. ಅದು ಮುಂಗೋಪಿ, ಶಾಖ ಮಿತಿಮೀರಿದರೆ ಸಿಡಿಯುವಂಥದು. ಆದುದರಿಂದ ಒಂದೇ ಸಲಕ್ಕೆ ಎಲ್ಲವನ್ನೂ ಮಾರ್ಪಡಿಸದೆ, ಸ್ವಲ್ಪ ಮಾರ್ಪಡಿಸಿ, ಉಳಿದ ಕ್ಯುಮೀನನ್ನು ಮರಳಿ ಮೊದಲಿನಿಂದ ಸುತ್ತಿಸುವರು. ಕೊನೆಗೆ ತುಸುವೇ ಗಂಧಕಾಮ್ಲ ತಗುಲಿಸಿದರೆ ಪೆರಾಕ್ಸೈಡು ಎರಡು ಹೋಳಾಗುತ್ತದೆ: ಒಂದು ಫೀನಾಲ್, ಇನ್ನೊಂದು ಅಸಿಟೋನ್.

ಅರ್ಥಶಾಸ್ತ್ರವೆಲ್ಲ ಅಡಗಿರುವುದು ಈ ಎರಡನೆಯ ಹೋಳಿನಲ್ಲಿ. ಒಂದು ಟನ್ನು ಫೀನಾಲಿಗೆ, ಕಾಗದದ ಮೇಲಿನ ಲೆಕ್ಕದಂತೆ, ಬೆಂಜೀನ್ ೮೩೦ ಕಿಲೋ, ಪ್ರೊಪಿಲೀನ್ ೪೫೦ ಕಿಲೋ ಬೇಕು. ಜೊತೆಯಲ್ಲಿ ೬೨೦ ಕಿಲೋ ಅಸಿಟೋನ್ ಬೇಡವೆಂದರೂ ಬರುತ್ತದೆ. ಅವಳಿ ಮಕ್ಕಳಲ್ಲಿ ಒಂದನ್ನೇ ಹೆರುತ್ತೇನೆಂದರೆ ಆದೀತೆ? ಸಿರುಗುಪ್ಪದ ಗಿರಣಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. ನೂರು ಕಿಲೋ ಭತ್ತಕ್ಕೆ ಅಕ್ಕಿ ಅರವತ್ತೈದರ ಮೇಲೆ, ಹೊಟ್ಟು ಇಪ್ಪತ್ತು, ತೌಡು ಎಂಟು. ಹೊಟ್ಟು ಕುದಿಬಾನಿಯ ಒಲೆಗೆ ಹೋಗಬೇಕು, ತೌಡು ಎಣ್ಣೆ ತೆಗೆಯುವವನಿಗೆ ಹೋಗಬೇಕು. ಕೂಡಿಟ್ಟರೆ ತೌಡು ಕೆಲವೇ ದಿನಗಳಲ್ಲಿ ಕಮಟಿ ಬೆಲೆ ಕಳೆದುಕೊಳ್ಳುತ್ತದೆ. ತೌಡಿಗೆ ಗಿರಾಕಿಯಿಲ್ಲದ ಗಿರಣಿ ಅಕ್ಕಿಯ ಲಾಭವನ್ನು ಅಲ್ಲಿ ಕಳೆಯುವುದು. ಅಸಿಟೋನಿಗೆ ಗಿರಾಕಿಯಿಲ್ಲದ ಫೀನಾಲ್ ಕಾರ್ಖಾನೆಯ ಗತಿಯೂ ಅದೇ. ಇವೆರಡನ್ನೂ ಮತ್ತೆ ಕೂಡಿಸಿ ಬಿಸ್‌ಫೀನಾಲ್ ಮಾಡುವುದುಂಟು. ಮುರಿಯದ ಪ್ಲಾಸ್ಟಿಕ್ಕಿಗೆ ಅದು ಮೂಲ. ಆದರೆ ಅದು ಎರಡು ಪಾಲು ಫೀನಾಲಿಗೆ ಒಂದೇ ಪಾಲು ಅಸಿಟೋನನ್ನು ನುಂಗುವುದರಿಂದ ಅರ್ಧದಷ್ಟು ಅಸಿಟೋನ್ ಕೈಯಲ್ಲಿಯೇ ಉಳಿಯುತ್ತದೆ.

ಆದುದರಿಂದ ಈ ಕಾರ್ಖಾನೆಗಳು ತೈಲಶುದ್ಧೀಕರಣದ ನೆರಳಿನಲ್ಲಿ, ಇಲ್ಲವೆ ಬಂದರಿನ ಬಳಿ ಬೆಳೆಯುತ್ತವೆ. ಹಿಂದೂಸ್ಥಾನ್ ಆರ್ಗ್ಯಾನಿಕ್ ಕೆಮಿಕಲ್ಸ್ ಸಂಸ್ಥೆ ೧೯೮೭ರಲ್ಲಿ ವರ್ಷಕ್ಕೆ ೪೦,೦೦೦ ಟನ್ನಿನ ಸ್ಥಾವರವನ್ನು ತೆರೆದದ್ದು ಕೊಚ್ಚಿಯ ತೈಲಶುದ್ಧೀಕರಣದ ಮಗ್ಗುಲಲ್ಲಿ. ಅಗ್ಗದ ಆಮದಿನಿಂದ ದೇಶದ ತಯಾರಕರನ್ನು ಕಾಯಲು ಸರಕಾರ ಹಲವು ಸಲ ವಿಶೇಷ ಸುಂಕ ಹಾಕಬೇಕಾಯಿತು. ೨೦೧೮ರಲ್ಲಿ ಗುಜರಾತಿನ ದಹೇಜಿನಲ್ಲಿ ದೀಪಕ್ ಸಂಸ್ಥೆ ತೆರೆದದ್ದಾದರೋ ೨,೦೦,೦೦೦ ಟನ್ನಿನದು, ಕೊಚ್ಚಿಯ ಐದರಷ್ಟು! ನಮ್ಮ ರಾಜ್ಯದಲ್ಲಿ ಬೆಂಜೀನೂ ಪ್ರೊಪಿಲೀನೂ ದೊರೆಯುವ ತಾಣವೆಂದರೆ ಮಂಗಳೂರು. ಘಟ್ಟ ಹತ್ತಿಸಿ ಅವನ್ನು ಬಳ್ಳಾರಿಗೆ ತಂದು, ಅಸಿಟೋನನ್ನು ಮರಳಿ ಇಳಿಸುವುದು ಬುದ್ಧಿವಂತರ ವ್ಯಾಪಾರವಲ್ಲ.

ಹಾಗೆಂದು ನಮ್ಮ ಜಿಲ್ಲೆಗೂ ಫೀನಾಲಿಗೂ ಸಂಬಂಧವಿಲ್ಲವೆನ್ನಲಾಗದು. ಕರಗಿದ ಉಕ್ಕನ್ನು ತುಂಬುವ ಬೃಹತ್ ಪಾತ್ರೆಗಳಿಗೆ ಒಳಗಿನಿಂದ ಕಟ್ಟುವ ಮೆಗ್ನೀಸಿಯ-ಇಂಗಾಲದ ಇಟ್ಟಿಗೆಗಳನ್ನು ಬೆಸೆಯುವುದು ಫೀನಾಲಿನ ರಾಳ; ನೀರಿಗೆ ಜಗ್ಗದ ಪ್ಲೈವುಡ್ಡಿನ ಅಂಟೂ ಅದೇ. ಫೀನಾಲನ್ನು ಕೊಂಡು ತಂದು ಫಾರ್ಮಾಲ್ಡಿಹೈಡಿನೊಡನೆ ಕಾಯಿಸಿ ರಾಳ ಮಾಡಲು ಎರಡು ಲಕ್ಷ ಟನ್ನಿನ ಹೆಗ್ಗಳಿಕೆ ಬೇಕಿಲ್ಲ. ಮಧ್ಯಮ ಗಾತ್ರದ ಬಂಡವಾಳ, ರಸಾಯನ ಬಲ್ಲ ನಾಲ್ಕು ಜನ, ಹತ್ತಿರದಲ್ಲಿ ಕೊಳ್ಳುವವನು ಇದ್ದರೆ ನಡೆದೀತು. ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ರಾಳ ಮಾಡುವವರ ನೀರನ್ನು ಎಲ್ಲಿಗೆ ಬಿಡುವಿರೆಂದು ಅವನು ಮರುಪ್ರಶ್ನೆ ಹಾಕಿದ. ತಕ್ಕ ಪ್ರಶ್ನೆಯೇ. ಕೋಕ್ ಗೂಡುಗಳಿಂದ ಹೊರಬೀಳುವ ನೀರಿನಲ್ಲಿ ಫೀನಾಲ್ ಲೀಟರಿಗೆ ೧ ಮಿಲಿಗ್ರಾಮನ್ನು ಮೀರಬಾರದೆಂದು ನಿಯಮ. ಕುಡಿಯುವ ನೀರಿನಲ್ಲಾದರೆ ಅದರ ಸಾವಿರದಲ್ಲೊಂದು ಪಾಲು. ತೊಟ್ಟಿಗಳಲ್ಲಿ ಸಾಕಿದ ಸೂಕ್ಷ್ಮಾಣುಗಳೇ ಈ ಫೀನಾಲನ್ನು ತಿಂದು ನೀರನ್ನು ಹಗುರಗೊಳಿಸುತ್ತವೆ.

ಇನ್ನೊಂದು ರೂಪದಲ್ಲಿ ಫೀನಾಲ್ ನಮ್ಮ ಹೊಲಗಳಿಗೇ ಬರುತ್ತದೆ. ದೊಡ್ಡಬಸವೇಶ್ವರನ ದರ್ಶನಕ್ಕೆಂದು ಕುರುಗೋಡಿಗೆ ಹೋಗುವಾಗ ಕಾಲುವೆ ನೀರಿನ ಭತ್ತದ ಮಡಿಗಳೂ ಅವುಗಳ ಪಕ್ಕದಲ್ಲಿಯೇ ಹತ್ತಿಯ ಹೊಲಗಳೂ ಕಣ್ಣಿಗೆ ಬೀಳುತ್ತವೆ. ಭತ್ತದ ಅಗಲೆಲೆಯ ಕಳೆಗೆ ಹೊಡೆಯುವ 'ಟೂ ಫೋರ್ ಡಿ' ಎಂಬ ಔಷಧಿಗೆ ಮೂಲವಸ್ತು ಫೀನಾಲೇ. ಅದು ಭತ್ತವನ್ನು ಮುಟ್ಟದು. ಹತ್ತಿಗೆ ಮಾತ್ರ ಪರಮವೈರಿ. ಗಾಳಿಯಲ್ಲಿ ತೇಲಿಬಂದ ಒಂದಿಷ್ಟು ಹನಿ ಸಾಕು, ಹತ್ತಿಯ ಎಲೆ ಬೆರಳುಗಳಂತೆ ಸೀಳಿ ಮುರುಟಿಕೊಳ್ಳುವುದು. ಭತ್ತಕ್ಕೆ ಹೊಡೆದ ಪಂಪನ್ನು ಚೆನ್ನಾಗಿ ತೊಳೆಯದೆ ಹತ್ತಿಗೆ ಒಯ್ದರೂ ಅಷ್ಟೇ. "ಬೆಳಗಿನ ಜಾವ, ಗಾಳಿ ಏಳೂದ್ರೊಳಗ ಹೊಡೀಬೇಕ್ರಿ, ಆ ಪಂಪು ಹತ್ತಿ ಹೊಲಕ್ಕ ಕಾಲಿಡಬಾರದು" ಎಂದು ಅಲ್ಲಿನ ಹಿರಿಯ ರೈತರೊಬ್ಬರು ನನಗೆ ಹೇಳಿದರು. ಅವರ ಮನೆಯಲ್ಲಿ ಎರಡು ಪಂಪುಗಳಿದ್ದವು. ಒಂದರ ಮೇಲೆ ಕೆಂಪು ಬಣ್ಣದಲ್ಲಿ 'ಭತ್ತ' ಎಂದು ಬರೆದಿತ್ತು.