ಘಟಶ್ರಾದ್ಧ: ಒಂದು ವಿಧಿಯೂ ಒಬ್ಬ ಬಾಲಕಸಾಕ್ಷಿಯೂ

ಜೀವಂತವಾಗಿರುವ ವ್ಯಕ್ತಿಗೆ ಅಪರಕ್ರಿಯೆಯನ್ನು ನೆರವೇರಿಸಿ, ಆ ವ್ಯಕ್ತಿಯನ್ನು ಕುಲದಿಂದಲೂ ಮನೆಯಿಂದಲೂ ಹೊರಹಾಕುವ ಪದ್ಧತಿಯು ನಮ್ಮ ದೇಶದಲ್ಲಿ ಬಹುಕಾಲ ರೂಢಿಯಲ್ಲಿದ್ದಿತು. ಇದಕ್ಕೆ ಘಟಸ್ಫೋಟವೆಂದೂ ಘಟಶ್ರಾದ್ಧವೆಂದೂ ಹೆಸರು. ಈ ಪದವನ್ನು ಇಂದಿನ ಕನ್ನಡಿಗನು ಬಲ್ಲನಾದರೆ, ಅದು ಬಹುಮಟ್ಟಿಗೆ ಯು. ಆರ್. ಅನಂತಮೂರ್ತಿಯವರ ಕಥೆಯ ದೆಸೆಯಿಂದ, ಇಲ್ಲವೆ ಆ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ನಿರ್ದೇಶಿಸಿದ ಚಲನಚಿತ್ರದ ದೆಸೆಯಿಂದ. ಸಾಹಿತ್ಯವಿಮರ್ಶೆಯು ನಮ್ಮ ಕ್ಷೇತ್ರವಲ್ಲ. ಇತಿಹಾಸದ ವಿದ್ಯಾರ್ಥಿಯು ಈ ಕೃತಿಯನ್ನು ಯಾವ ದೃಷ್ಟಿಯಿಂದ ನೋಡಬಹುದೆಂಬುದನ್ನು ಮಾತ್ರ ನಾವಿಲ್ಲಿ ಪರಿಶೀಲಿಸುತ್ತೇವೆ.

ಕಥೆಯು 1963ರಲ್ಲಿ ಪ್ರಕಟವಾದ ‘ಪ್ರಶ್ನೆ’ ಎಂಬ ಸಂಕಲನದಲ್ಲಿದೆ. ಮಲೆನಾಡಿನ ಅಗ್ರಹಾರವೊಂದರ ವೇದಪಾಠಶಾಲೆಗೆ ಚಿಕ್ಕ ಹುಡುಗನೊಬ್ಬನು ಓದಲು ಬರುತ್ತಾನೆ. ಚಿತ್ರದಲ್ಲಿ ಅವನಿಗೆ ನಾಣಿಯೆಂದು ಹೆಸರು. ಹಿರಿಯ ವಿದ್ಯಾರ್ಥಿಗಳ ಕಾಟಕ್ಕೆ ಸಿಕ್ಕಿ, ಮನೆಯ ನೆನಪಿನಿಂದ ಕೊರಗುವ ಅವನಿಗೆ ಗುರುಗಳಾದ ಉಡುಪರ ಮಗಳು ಯಮುನಕ್ಕನೇ ಆಸರೆ. ಅವಳು ವಿಧವೆ, ಶಾಲೆಯ ಮೇಷ್ಟರೊಬ್ಬರಿಂದ ಗರ್ಭ ಧರಿಸಿದ್ದಾಳೆ. ಉಡುಪರು ಊರಿನಲ್ಲಿಲ್ಲದ ದಿನಗಳಲ್ಲಿ ಗುಟ್ಟು ಒಡೆಯುತ್ತದೆ. ಅವಳು ಹುತ್ತದೊಳಗೆ ಕೈಯಿಟ್ಟು ಸಾಯಲು ಹವಣಿಸುವುದನ್ನು ಹುಡುಗನು ಕಣ್ಣಾರೆ ಕಾಣುತ್ತಾನೆ. ಗರ್ಭವನ್ನು ತೆಗೆಸಲಾಗುತ್ತದೆ. ಹಿಂದಿರುಗಿದ ತಂದೆಯು ಮಗಳಿಗೆ ಶ್ರಾದ್ಧ ಮಾಡಿ ಅವಳನ್ನು ತ್ಯಜಿಸುತ್ತಾನೆ. ಮನೆಗೆ ಮರಳುವ ಹುಡುಗನು ಕೊನೆಯಲ್ಲಿ ನೋಡುವುದು ತಲೆ ಬೋಳಿಸಿದ ಯಮುನಕ್ಕ ಮರದಡಿಯಲ್ಲಿ ಒಬ್ಬಳೇ ಕುಳಿತಿರುವುದನ್ನು.

ಇನ್ನು ವಿಧಿಯ ವಿಚಾರ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇದರ ಕ್ರಮವು ಉಕ್ತವಾಗಿದೆ. ಅಶುಭದಿನದ ಸಂಜೆಯಲ್ಲಿ, ಊರ ಹೊರಗೆ, ಜ್ಞಾತಿಗಳ, ಋತ್ವಿಜರ ಮತ್ತು ಗುರುಗಳ ಸಮಕ್ಷಮದಲ್ಲಿ ಬಂಧುಗಳು ಪತಿತನಿಗೆ ಜಲಾಂಜಲಿ ಕೊಡತಕ್ಕದ್ದು. ನೀರು ತುಂಬಿದ ಗಡಿಗೆಯನ್ನು ದಾಸಿಯೊಬ್ಬಳು ಕಾಲಿನಿಂದ ಉರುಳಿಸತಕ್ಕದ್ದು. ಬಂಧುಗಳು ಒಂದು ಹಗಲು ಒಂದು ರಾತ್ರಿ ಸೂತಕವನ್ನು ಹಿಡಿಯತಕ್ಕದ್ದು. ಅಂದಿನಿಂದ ಅವನೊಡನೆ ಮಾತಿಲ್ಲ, ಸಹವಾಸವಿಲ್ಲ, ದಾಯಭಾಗವೂ ಇಲ್ಲ. ಯಾಜ್ಞವಲ್ಕ್ಯನೂ ಇದನ್ನೇ ಸಂಕ್ಷೇಪವಾಗಿ ಹೇಳುತ್ತಾನೆ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆದುದರಿಂದ ಈ ಶಾಸ್ತ್ರವಿಚಾರವು ಕನ್ನಡನಾಡಿಗೆ ದೂರದ್ದೇನೂ ಅಲ್ಲ.

ಇಲ್ಲಿ ಮೂರು ಅಂಶಗಳನ್ನು ನಮ್ಮ ವಿದ್ಯಾರ್ಥಿಗಳು ಲಕ್ಷ್ಯವಿಟ್ಟು ಗಮನಿಸಬೇಕು. ಮೊದಲನೆಯದಾಗಿ, ಸ್ಮೃತಿಕಾರರು ಈ ವಿಧಿಯನ್ನು ಹೇಳತೊಡಗುವುದು ಪತಿತನಾದ ಪುರುಷನನ್ನು ಕುರಿತು. ಸ್ತ್ರೀಯರ ಮಾತು ಬರುವುದು ಆಮೇಲೆ, ‘ಅವರಿಗೂ ಇದೇ’ ಎಂಬ ರೀತಿಯಲ್ಲಿ. ಎರಡನೆಯದಾಗಿ, ಪ್ರಾಯಶ್ಚಿತ್ತವನ್ನು ಮುಗಿಸಿ ಬಂದವನೊಡನೆ ಬಂಧುಗಳು ಪುಣ್ಯಜಲದಲ್ಲಿ ಸ್ನಾನಮಾಡಿ, ನೀರು ತುಂಬಿದ ಹೊಸ ಗಡಿಗೆಯೊಂದನ್ನು ನೀರಿಗೆ ಬಿಟ್ಟು ಅವನನ್ನು ಮತ್ತೆ ಕೂಡಿಸಿಕೊಳ್ಳಬೇಕೆಂದೂ ಹೇಳಿದೆ. ಎಂದರೆ ಹಳೆಯ ಗಡಿಗೆಗೆ ಪ್ರತಿಯಾಗಿ ಹೊಸ ಗಡಿಗೆಯೂ ಶಾಸ್ತ್ರದಲ್ಲಿ ಇದ್ದಿತು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪತಿತೆಯಾದ ಸ್ತ್ರೀಗೆ ಮನೆಯ ಸಮೀಪದಲ್ಲಿ ವಾಸಸ್ಥಳವನ್ನೂ ಅನ್ನವಸ್ತ್ರಗಳನ್ನೂ ಕೊಡಬೇಕೆಂದು ಮನು, ಯಾಜ್ಞವಲ್ಕ್ಯರಿಬ್ಬರೂ ವಿಧಿಸುತ್ತಾರೆ. ಅವಳಿಗೆ ರಕ್ಷಣೆಯೂ ಬೇಕೆಂದು ಯಾಜ್ಞವಲ್ಕ್ಯನು ಸೇರಿಸುತ್ತಾನೆ. ಸ್ತ್ರೀಯರ ಪತನಕ್ಕೆ ವಿಶೇಷ ಕಾರಣಗಳೆಂದು ಅವನು ಎಣಿಸುವವುಗಳಲ್ಲಿ ಗರ್ಭಪಾತವೂ ಒಂದಾಗಿರುವುದು ನಿಜ. ಆದರೆ ಮರದ ಬುಡವೇ ಪತಿತೆಯ ವಾಸಸ್ಥಳವೆಂದು ಅವನು ಎಲ್ಲಿಯೂ ಹೇಳಿಲ್ಲ.

ಆದಕಾರಣ ಕಥೆಯ ಕ್ರೌರ್ಯಕ್ಕೆಲ್ಲ ಶಾಸ್ತ್ರವೇ ಹೊಣೆಯೆಂದು ಹೇಳಿ ಮುಗಿಸುವುದು ಸುಲಭವಾದರೂ ಸರಿಯಲ್ಲ. ಶಾಸ್ತ್ರವು ಉದಾರವಾಗಿದ್ದಿತೆಂದು ನಾವು ವಾದಿಸುತ್ತಿಲ್ಲ. ದಾಸಿಯ ಕಾಲಿನಿಂದ ಗಡಿಗೆಯನ್ನು ಉರುಳಿಸಿದವರನ್ನು ಉದಾರಿಗಳೆನ್ನುವುದು ಹೇಗೆ? ಸಮಾಜವು ಗ್ರಂಥದಿಂದ ತನಗೆ ಬೇಕಾದ ಅರ್ಧವನ್ನು ಎತ್ತಿಕೊಂಡು, ಬೇಡವಾದ ಅರ್ಧವನ್ನು ಮರೆಯಿತೆಂಬುದೇ ನಮ್ಮ ಅಭಿಪ್ರಾಯ. ಯಮುನಕ್ಕನಿಗೆ ಹಳೆಯ ಗಡಿಗೆ ಸಿಕ್ಕಿತು, ಹೊಸ ಗಡಿಗೆ ಸಿಗಲಿಲ್ಲ. ಮೇಷ್ಟರಿಗೆ ಯಾವ ಗಡಿಗೆಯೂ ಇಲ್ಲ.

ಕೇರಳದ ನಂಬೂದಿರಿಗಳಲ್ಲಿದ್ದ ಸ್ಮಾರ್ತವಿಚಾರವನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿಯೂ ಆರೋಪಿತಳಾದ ಸ್ತ್ರೀಯು ದೋಷಿಯೆಂದು ನಿರ್ಣಯವಾದರೆ ಅವಳಿಗೆ ಜೀವಂತವಾಗಿಯೇ ಉತ್ತರಕ್ರಿಯೆಯಾಗುತ್ತಿದ್ದಿತು. ಆದರೆ ಅವಳು ಹೆಸರಿಸಿದ ಪುರುಷರೂ ಭ್ರಷ್ಟರಾಗುತ್ತಿದ್ದರು. 1905ರಲ್ಲಿ ಕೊಚ್ಚಿ ಸಂಸ್ಥಾನದಲ್ಲಿ ನಡೆದ ಕುರಿಯೇಡತ್ತು ತಾತ್ರಿಯ ವಿಚಾರಣೆಯಲ್ಲಿ ಅರುವತ್ತಕ್ಕೂ ಹೆಚ್ಚು ಗಂಡಸರು ಜಾತಿಯಿಂದ ಹೊರಬಿದ್ದುದು ಪ್ರಸಿದ್ಧವಾಗಿದೆ. ಅಲ್ಲಿ ವಿಚಾರಣೆಯೆಂಬುದೊಂದು ಇದ್ದುದರಿಂದ ಸ್ತ್ರೀಗೆ ಬಾಯಿಯಾದರೂ ಇದ್ದಿತು. ನಮ್ಮ ಕಥೆಯ ಅಗ್ರಹಾರದಲ್ಲಿ ಅದೂ ಇಲ್ಲ.

ಈ ಪತ್ರಿಕೆಯನ್ನು ಓದುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವಿದ್ಯಾರ್ಥಿಗಳಿಗೆ ಇದು ಬೇರೆಯ ಲೋಕದ ಕಥೆಯೆಂದು ತೋರಬಹುದು. ಕಥೆಯು ಪ್ರಕಟವಾದಾಗ ಚನ್ನಗಿರಿಯೂ, ನ್ಯಾಮತಿಯನ್ನು ಒಳಗೊಂಡಿದ್ದ ಹೊನ್ನಾಳಿ ತಾಲ್ಲೂಕೂ ತೀರ್ಥಹಳ್ಳಿಯಂತೆ ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. ಅವು ಜಗಳೂರಿನೊಡನೆ ದಾವಣಗೆರೆ ಜಿಲ್ಲೆಗೆ ಸೇರಿದುದು 1997ರಲ್ಲಿ. ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವುದೂ ಮಲೆನಾಡಿನ ತುಂಗೆಯೇ. ಆದರೂ ಆಚಾರದಲ್ಲಿ ಅಂತರವಿದ್ದಿತೆಂಬುದನ್ನು ಅಲ್ಲಗಳೆಯಲಾಗದು. ಬಯಲುಸೀಮೆಯ ಅನೇಕ ಒಕ್ಕಲು ಪಂಗಡಗಳಲ್ಲಿ ಗಂಡ ಸತ್ತವಳು ಮತ್ತೊಬ್ಬನನ್ನು ಕೂಡಿಕೊಂಡು ಬಾಳುವ ಪದ್ಧತಿಯು ಕೂಡಿಕೆ, ಉಡಿಕೆ ಎಂಬ ಹೆಸರುಗಳಿಂದ ಬಳಕೆಯಲ್ಲಿದ್ದಿತು. ಅದಕ್ಕೆ ಮೊದಲ ಮದುವೆಯ ಗೌರವವಿರಲಿಲ್ಲ. ಬದುಕಲು ಒಂದು ದಾರಿಯಿದ್ದಿತು. ಬಹಿಷ್ಕಾರವಾದರೋ ಒಂದೇ ಜಾತಿಯ ಸೊತ್ತಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಊರುಗಳ ಹಿರಿಯರನ್ನು ಕೇಳಿ ತಿಳಿಯಬಹುದು.

ಇನ್ನು ಬಾಲಕನ ಮಾತು. ವಿಧಿಯು ಕರೆಯುವ ಸಾಕ್ಷಿಗಳು ಜ್ಞಾತಿಗಳು, ಋತ್ವಿಜರು, ಗುರುಗಳು. ಈ ಪಟ್ಟಿಯಲ್ಲಿ ಮಗುವಿಗೆ ಸ್ಥಾನವಿಲ್ಲ. ಆದರೆ ಯಮುನಕ್ಕನ ಭಯವನ್ನೂ ಅವಳ ವಾತ್ಸಲ್ಯವನ್ನೂ ಒಟ್ಟಿಗೆ ಬಲ್ಲವನು ಅವನೊಬ್ಬನೇ. ಮಗುವಿನ ಮುಗ್ಧತೆ ಕಳೆಯಿತೆಂದರೆ ಸಾಮಾನ್ಯವಾಗಿ ನಾವು ಭಾವಿಸುವುದು, ಅದು ತಿಳಿಯಬಾರದ ಪ್ರಾಯದಲ್ಲಿ ಸ್ತ್ರೀಪುರುಷರ ಸಂಬಂಧವನ್ನು ತಿಳಿಯಿತೆಂದು. ಇಲ್ಲಿ ಹಾಗಲ್ಲ. ಬಸಿರು ಎಂಬುದು ಆ ಹುಡುಗನಿಗೆ ಎಷ್ಟು ಅರ್ಥವಾಯಿತೋ ನಾವು ಹೇಳಲಾರೆವು. ಅವನಿಗೆ ಖಂಡಿತವಾಗಿ ಅರ್ಥವಾದುದು ಬೇರೊಂದು: ಮಂತ್ರವನ್ನು ಕಲಿಸುವ ಬಾಯಿಯೇ ಬದುಕಿರುವ ಮಗಳನ್ನು ಸತ್ತವಳೆಂದು ಹೇಳಬಲ್ಲುದು, ಮತ್ತು ಹಾಗೆ ಹೇಳುವಾಗ ಸ್ವರದಲ್ಲಿ ತಪ್ಪಿರುವುದಿಲ್ಲ. ‘ಅಕ್ಕ’ ಎಂದು ಕರೆದವಳನ್ನು ಬಿಟ್ಟು ಅವನು ತನ್ನ ತಂದೆಯ ಹಿಂದೆ ನಡೆಯಬೇಕಾಗುತ್ತದೆ. ಹಿರಿಯರು ಮಾಡಿದ ತ್ಯಾಗದಲ್ಲಿ ಅವನಿಗೂ ಒಂದು ಪಾಲು ಹೀಗೆ ಬರುತ್ತದೆ. ಕಥೆಯ ನಿಜವಾದ ನೋವು ಇಲ್ಲಿದೆಯೆಂದು ನಾವು ತಿಳಿಯುತ್ತೇವೆ.

ವಿಧವೆಯ ಸ್ಥಿತಿಯನ್ನು ಕುರಿತ ಕನ್ನಡ ಬರಹಗಳು ಇದಕ್ಕೆ ಮೊದಲೂ ಇದ್ದವು. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ವಿಧವೆಗೆ ಪುನರ್ವಿವಾಹವಾಗುತ್ತದೆ, ಅದು ಸುಧಾರಕರ ಆಶೆಯ ಕಾಲ. 1976ರ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ತೀರ್ಥಹಳ್ಳಿ ಸೀಮೆಯ ಬಾಲವಿಧವೆಯೊಬ್ಬರ ನಿಜಜೀವನವನ್ನು ಆಧರಿಸಿದುದು. ಇವೆರಡರ ನಡುವೆ ‘ಘಟಶ್ರಾದ್ಧ’ವು ಮಗುವಿನ ಕಣ್ಣನ್ನು ಆರಿಸಿಕೊಂಡದ್ದು ಹೊಸ ಮಾರ್ಗ. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಬಾಲಕನ ಪಾತ್ರ ವಹಿಸಿದ ಅಜಿತ್ ಕುಮಾರನಿಗೆ ಬಾಲನಟ ಪ್ರಶಸ್ತಿಯೂ ಸಂದವು. ಅದರ ಪುನರುಜ್ಜೀವಿತ ಪ್ರತಿಯು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ತರಗತಿಯಲ್ಲಿ ಸ್ಮೃತಿಯ ಆ ಕೆಲವು ಶ್ಲೋಕಗಳ ಅರ್ಥವನ್ನು ಮೊದಲು ಓದಿಸಿ, ಆಮೇಲೆ ಚಿತ್ರವನ್ನು ತೋರಿಸುವುದು ಉಚಿತವೆಂದು ಅಧ್ಯಾಪಕರಲ್ಲಿ ನಮ್ಮ ಸೂಚನೆ.

ಚಿತ್ರದ ಕೊನೆಯಲ್ಲಿ ಇನ್ನೊಂದು ಸುದ್ದಿ ಬರುತ್ತದೆ: ಮಗಳನ್ನು ತ್ಯಜಿಸಿದ ವೃದ್ಧ ಉಡುಪರು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲಿದ್ದಾರೆ. 1894ರ ಮೈಸೂರಿನ ಬಾಲ್ಯವಿವಾಹ ನಿಷೇಧ ಕಾನೂನು ಐವತ್ತು ದಾಟಿದವನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದೆಂದು ವಿಧಿಸಿದ್ದಿತು. ವಧುವಿಗೆ ಹದಿನಾಲ್ಕು ತುಂಬಿದ್ದರೆ ಆ ಕಾನೂನಿನ ತೊಡಕೂ ಇರಲಿಲ್ಲ.