ಹೊಸ ಗಣಕಯಂತ್ರದಲ್ಲಿ ಹಳೆಯ ವಿಂಡೋಸ್

ಹತ್ತು ಹದಿನೈದು ವರ್ಷಗಳ ಲೆಕ್ಕಪತ್ರಗಳನ್ನೂ ಬರಹಗಳನ್ನೂ ಹೊತ್ತುಕೊಂಡಿರುವ ಹಳೆಯ ಗಣಕಯಂತ್ರಗಳು ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಕೆಲವು ಇರಬಹುದು. ಇಂಥ ಯಂತ್ರವು ಒಂದು ದಿನ ಕೆಟ್ಟು ನಿಂತರೆ ಹೊಸದನ್ನು ಕೊಂಡುತರುವುದು ಅಸಾಧ್ಯವಲ್ಲ. ಆದರೆ ಆ ಲೆಕ್ಕಗಳನ್ನು ತೆರೆಯುವ ತಂತ್ರಾಂಶವು ವಿಂಡೋಸ್ ೭ರಲ್ಲಿ ಮಾತ್ರ ನಡೆಯತಕ್ಕದ್ದಾಗಿದ್ದರೆ ಸಂಕಟವು ಆಗ ಪ್ರಾರಂಭವಾಗುತ್ತದೆ. ಹಳೆಯ ವಿಂಡೋಸನ್ನು ಹೊಸ ಯಂತ್ರದಲ್ಲಿ ಸ್ಥಾಪಿಸಬಹುದೆ? ಸ್ಥಾಪಿಸುವುದು ಯುಕ್ತವೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸುವೆವು.

ಕಾರ್ಯಾಚರಣ ವ್ಯವಸ್ಥೆಯೆಂಬುದು ಯಂತ್ರದ ಅವಯವಗಳಿಂದ ಕೆಲಸ ಮಾಡಿಸುವ ಮೇಲ್ವಿಚಾರಕನಂತಿದೆ. ಒಂದೊಂದು ಅವಯವದೊಡನೆ ವ್ಯವಹರಿಸುವ ಬಗೆಯನ್ನು ಅದಕ್ಕೆ ತಿಳಿಸಿಕೊಡುವ ಕಿರುತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ವಿಂಡೋಸ್ ೭ ಹೊರಬಂದದ್ದು ೨೦೦೯ರಲ್ಲಿ. ತರುವಾಯ ಹುಟ್ಟಿದ ಅವಯವಗಳ ಪರಿಚಯವು ಅದಕ್ಕೆ ಇಲ್ಲದಿರುವುದು ಸಹಜವೇ ಸರಿ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ೨೦೧೫ರಲ್ಲಿ ಇಂಟೆಲ್ ಸಂಸ್ಥೆಯು ಸ್ಕೈಲೇಕ್ ಪೀಳಿಗೆಯ ಡೆಸ್ಕ್‌ಟಾಪ್ ಯಂತ್ರಗಳಿಗಾಗಿ ಮಾಡಿದ ಚಿಪ್‌ಸೆಟ್ಟುಗಳಿಂದ ಹಳೆಯ ಬಗೆಯ ಯುಎಸ್‌ಬಿ ನಿಯಂತ್ರಕವನ್ನು ತೆಗೆದುಬಿಟ್ಟಿತು. ಇಂಥ ಯಂತ್ರದಲ್ಲಿ ವಿಂಡೋಸ್ ೭ನ್ನು ಸ್ಥಾಪಿಸಲು ತೊಡಗಿದರೆ, ಆವರೆಗೆ ಚೆನ್ನಾಗಿದ್ದ ಕೀಲಿಮಣೆಯೂ ಮೌಸೂ ಸ್ಥಾಪನೆಯ ಪರದೆ ಬಂದೊಡನೆ ಸ್ತಬ್ಧವಾಗುತ್ತವೆ. ನೋಡುವವರು ಯಂತ್ರವೇ ಕೆಟ್ಟಿತೆಂದು ಗಾಬರಿಪಡುತ್ತಾರೆ. ಕೆಟ್ಟದ್ದೇನೂ ಇಲ್ಲ. ಮೊದಲು ಅವುಗಳನ್ನು ನಡೆಸುತ್ತಿದ್ದುದು ಯಂತ್ರದ ಬಯಾಸ್. ಈಗ ಅಧಿಕಾರ ವಹಿಸಿಕೊಂಡ ವಿಂಡೋಸಿಗೆ ಹೊಸ ನಿಯಂತ್ರಕದ ಭಾಷೆ ತಿಳಿಯದು. ಆದಕಾರಣ ಯುಎಸ್‌ಬಿ ೩ರ ಡ್ರೈವರನ್ನು ಸ್ಥಾಪನೆಯ ಡಿಸ್ಕಿನೊಳಗೆ ಮುಂಚಿತವಾಗಿಯೇ ಸೇರಿಸಬೇಕು. ಇಲ್ಲವೆ ಯಂತ್ರದ ಹಿಂಬದಿಯಲ್ಲಿ ದುಂಡಗಿನ ಪಿಎಸ್/೨ ರಂಧ್ರವಿದ್ದರೆ ಹಳೆಯ ಕೀಲಿಮಣೆಯನ್ನು ಅಲ್ಲಿಗೆ ಸಿಕ್ಕಿಸಬೇಕು. ಎನ್‌ವಿಎಂಇ ಎಂಬ ಹೊಸ ಬಗೆಯ ಶೇಖರಣೆಗೂ ಹೀಗೆಯೇ ಡ್ರೈವರನ್ನು ಕೂಡಿಸಬೇಕು. ಇನ್ನೂ ಈಚಿನ ಅನೇಕ ಯಂತ್ರಗಳಲ್ಲಿಯಾದರೋ ಚಿತ್ರಗಳನ್ನು ಮೂಡಿಸುವ ಭಾಗಕ್ಕೆ ವಿಂಡೋಸ್ ೭ರ ಡ್ರೈವರೇ ದೊರೆಯುವುದಿಲ್ಲ.

ಇಷ್ಟು ಶ್ರಮಪಟ್ಟು ಸ್ಥಾಪಿಸಿದರೂ ಅಪಾಯವು ತಪ್ಪಿದ್ದಲ್ಲ. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಹಬ್ಬಿ, ಇಂಗ್ಲೆಂಡಿನ ಆಸ್ಪತ್ರೆಗಳ ಕೆಲಸವನ್ನೂ ಕೆಡಿಸಿತು. ಅದಕ್ಕೆ ತಕ್ಕ ಪರಿಹಾರವು ಮಾರ್ಚ್ ತಿಂಗಳಲ್ಲೇ ಪ್ರಕಟವಾಗಿದ್ದರೂ ಅದನ್ನು ಅಳವಡಿಸಿಕೊಳ್ಳದಿದ್ದ ಯಂತ್ರಗಳು ಬಲಿಯಾದವು. ವಿಂಡೋಸ್ ೭ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೦ರ ಜನವರಿ ೧೪ರಂದೇ ನಿಂತುಹೋಯಿತು. ಹೀಗಿರಲಾಗಿ ಅದನ್ನು ಅಂತರ್ಜಾಲಕ್ಕೆ ಜೋಡಿಸುವುದು ಬಾಗಿಲಿಲ್ಲದ ಮನೆಯಲ್ಲಿ ಒಡವೆಯನ್ನು ಇಟ್ಟಂತೆಯೇ.

ಇದಕ್ಕಿಂತ ಸುಲಭವಾದ ಮಾರ್ಗವೊಂದುಂಟು. ಹೊಸ ಯಂತ್ರದಲ್ಲಿ ಹೊಸ ವ್ಯವಸ್ಥೆಯೇ ಇರಲಿ; ಅದರೊಳಗೆ ವರ್ಚುವಲ್‌ಬಾಕ್ಸಿನಂಥ ತಂತ್ರಾಂಶದ ಮೂಲಕ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ, ವಿಂಡೋಸ್ ೭ನ್ನು ಅಲ್ಲಿ ಅತಿಥಿಯಾಗಿ ಇಳಿಸಬಹುದು. ಆ ಕಲ್ಪಿತ ಯಂತ್ರವು ಹಳೆಯ ಅವಯವಗಳನ್ನೇ ತೋರಿಸುವುದರಿಂದ ಅತಿಥಿಗೆ ಎಲ್ಲವೂ ಪರಿಚಿತವಾಗಿರುತ್ತದೆ. ಅದರ ಜಾಲಸಂಪರ್ಕವನ್ನು ಮುಚ್ಚಿಡಬೇಕು. ಹಳೆಯ ಯಂತ್ರದ ಒಳಗೆ ಕೂಡಿಸಿದ ವಿಶೇಷ ಕಾರ್ಡುಗಳನ್ನು ಅವಲಂಬಿಸಿದ ಕೆಲಸಗಳಿಗೆ ಮಾತ್ರ ಈ ಉಪಾಯವು ಸಾಮಾನ್ಯವಾಗಿ ಸಾಲದು.

ಹಳೆಯ ಯಂತ್ರವು ಇನ್ನೂ ನಡೆಯುತ್ತಿರುವವರಿಗೆ ನಮ್ಮ ವಿಜ್ಞಾಪನೆ ಇಷ್ಟೆ: ಅದರಲ್ಲಿರುವ ಲೆಕ್ಕ, ಪತ್ರ, ಚಿತ್ರಗಳ ಪ್ರತಿಯನ್ನು ಈ ವಾರವೇ ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಿರಿ, ತಂತ್ರಾಂಶದ ಮೂಲ ಡಿಸ್ಕನ್ನೂ ಅದರ ಪರವಾನಗಿ ಸಂಖ್ಯೆಯನ್ನೂ ಜೋಪಾನಮಾಡಿರಿ. ವಿಂಡೋಸನ್ನು ಮತ್ತೊಮ್ಮೆ ಸ್ಥಾಪಿಸಬಹುದು. ಕಳೆದುಹೋದ ಬರಹವನ್ನು ಯಾರೂ ಮರಳಿ ಕೊಡಲಾರರು.