ಗಾಳಿ ಬಿಡಿಸುವ ತೊಟ್ಟಿ

ಮುಂಗಾರು ಶುರುವಾದರೆ ಮಂಡ್ಯ ಸೀಮೆಯಲ್ಲಿ ಪೇಪರ್ ಬಿಡಿಸಿದವರು ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ನೀರಿನ ಮಟ್ಟ. ಗರಿಷ್ಠ 124.80 ಅಡಿ; ಅಷ್ಟು ತುಂಬಿದರೆ ಒಳಗಿರುವುದು 49.45 ಟಿಎಂಸಿ. ಜಲಾಶಯವೆಂದರೆ ಬೇಸಿಗೆಗೆ ಕೂಡಿಟ್ಟ ನೀರು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಹಾಗಾಗಿ ನೀರು ಹರಿಸಿ ತಂಪಾಗಿಡುವ ಕಂಪ್ಯೂಟರಿನಲ್ಲೂ ಒಂದು ಅಕ್ರಿಲಿಕ್ ರಿಸರ್ವಾಯರ್ ಇರುತ್ತದೆ ಎಂದರೆ, ತಣ್ಣೀರು ಕೂಡಿಡುವ ಪುಟ್ಟ ಕನ್ನಂಬಾಡಿ ಅದು ಎಂದುಕೊಳ್ಳುವುದು ಸಹಜ. ಆದರೆ ಅದರ ಕೆಲಸವೇ ಬೇರೆ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸೇರಿ 300 ವಾಟ್ ಶಾಖ ಬಿಡುತ್ತವೆ ಎನ್ನಿ. ರೇಡಿಯೇಟರ್ ಇಲ್ಲದೆ ಆ ಶಾಖವನ್ನೆಲ್ಲ 1 ಲೀಟರ್ ನೀರಿಗೆ ಬಿಟ್ಟರೆ ನಿಮಿಷಕ್ಕೆ 4 ಡಿಗ್ರಿಗೂ ಹೆಚ್ಚು ಬಿಸಿ ಏರುತ್ತದೆ. ತೊಟ್ಟಿಯನ್ನು 10 ಲೀಟರಿಗೆ ಹಿಗ್ಗಿಸಿದರೆ ಅದೇ ಬಿಸಿ ಹತ್ತು ಪಟ್ಟು ನಿಧಾನವಾಗಿ ಏರುತ್ತದೆ, ಏರುವುದೇನೂ ತಪ್ಪುವುದಿಲ್ಲ. ಶಾಖವನ್ನು ಹೊರಗೆ ಕಳಿಸುವುದು ರೇಡಿಯೇಟರ್ ಮತ್ತು ಫ್ಯಾನು. ನಿಮಿಷಕ್ಕೆ 4 ಲೀಟರಿನಂತೆ ನೀರು ಸುತ್ತುತ್ತಿದ್ದರೆ 300 ವಾಟ್ ಶಾಖ ಹೊತ್ತ ನೀರು ಬಿಸಿಯಾಗುವುದು ಸುಮಾರು 1 ಡಿಗ್ರಿ ಮಾತ್ರ. ಅಂದಮೇಲೆ ತೊಟ್ಟಿ ಯಾಕೆ ಬೇಕು?

ಗಾಳಿಯನ್ನು ಬೇರ್ಪಡಿಸಲು, ಮತ್ತು ಪಂಪಿನ ಬಾಯಿ ಸದಾ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಲು. ನೀರು ತುಂಬುವಾಗ ಪೈಪು, ರೇಡಿಯೇಟರಿನೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗುಳ್ಳೆಗಳು ಪ್ರೊಸೆಸರ್ ಮೇಲಿನ ತಾಮ್ರದ ಬ್ಲಾಕಿನ ಸಣ್ಣ ಸಂದುಗಳಲ್ಲಿ ನಿಂತರೆ ಶಾಖ ನೀರಿಗೆ ದಾಟುವುದಿಲ್ಲ. ಪಂಪಿಗೆ ನುಗ್ಗಿದರೆ ಸದ್ದು, ಸವೆತ. ಈ ದೃಷ್ಟಿಯಲ್ಲಿ ಕಂಪ್ಯೂಟರಿನ ತೊಟ್ಟಿಗೆ ಹತ್ತಿರದ ನೆಂಟ ಕನ್ನಂಬಾಡಿಯಲ್ಲ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಕಟ್ಟೆ, ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಟ್ಟಿದ ಬಂಗಾರದೊಡ್ಡಿ ಕಟ್ಟೆ. ಅಂಥ ಒಡ್ಡುಗಳು ನೀರನ್ನು ವರ್ಷಗಟ್ಟಲೆ ಕೂಡಿಡುವುದಿಲ್ಲ. ಮಟ್ಟವನ್ನು ಒಂದಿಷ್ಟು ಎತ್ತಿ, ನಾಲೆಯ ಬಾಯಿಗೆ ಎಡೆಬಿಡದೆ ನೀರು ಸಿಗುವಂತೆ ಮಾಡುತ್ತವೆ.

ಕಂಪ್ಯೂಟರಿಗೆ ನೀರು ಹರಿಸಿದ ಕಥೆ ಹವ್ಯಾಸಿಗಳಿಗಿಂತ ಹಳೆಯದು. 1960ರ ದಶಕದಲ್ಲೇ ಐಬಿಎಂ ತನ್ನ ಸಿಸ್ಟಂ/360 ಸರಣಿಯ 91ನೇ ಮಾದರಿಗೆ ನೀರಿನ ತಂಪು ಕೊಟ್ಟಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ಬಿಡಿಭಾಗಗಳು ಎಷ್ಟು ಒತ್ತಾಗಿದ್ದವೆಂದರೆ ಅವುಗಳ ನಡುವೆ ಗಾಳಿ ಆಡುವಂತಿರಲಿಲ್ಲ. ವಿದ್ಯುತ್ ಹರಿಯದ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಇಡೀ ಸರ್ಕಿಟ್ಟುಗಳನ್ನೇ ಮುಳುಗಿಸಿದರು. ಪಕ್ಕದ ಪಾರದರ್ಶಕ ಗೋಪುರದಲ್ಲಿ ಆ ದ್ರವ ಧುಮುಕುವುದು ಕಾಣುತ್ತಿತ್ತು. ಯಂತ್ರಕ್ಕೆ ‘ಬಬಲ್ಸ್’ ಎಂಬ ಅಡ್ಡಹೆಸರೂ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಚಾಲೂ ಆದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಕೂಡ ದ್ರವದಿಂದಲೇ ತಂಪಾಗುವ ಯಂತ್ರ.

ಮನೆಯ ಮೇಜಿಗೆ ಈ ವಿದ್ಯೆ ಇಳಿದದ್ದು 1990ರ ದಶಕದ ಕೊನೆಗೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಅಗ್ಗದ ಚಿಪ್ಪು. 300 ಮೆಗಾಹರ್ಟ್ಸಿನ ಅದನ್ನು 450ಕ್ಕೆ ಓಡಿಸಬಹುದೆಂದು ಗೊತ್ತಾದದ್ದೇ ತಡ, ಹುಡುಗರಿಗೆ ವೇಗದ ಗೀಳು ಹತ್ತಿತು. ವೇಗದ ಬೆನ್ನಿಗೆ ಬಿಸಿ ಬಂತು. ನೀರಿನ ತಂಪಿಗೆ ಬೇಕಾದ ಸಾಮಾನು ಆಗ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಕಾರಿನ ಹೀಟರಿನಿಂದ ಬಿಚ್ಚಿದ ರೇಡಿಯೇಟರ್, ಮೀನಿನ ತೊಟ್ಟಿಯ ಪಂಪು, ಕೈಗೆ ಸಿಕ್ಕ ಮುಚ್ಚಳದ ಡಬ್ಬಿ ಸೇರಿ ಕೆಲಸ ನಡೆಯುತ್ತಿತ್ತು. ಆದರೆ ಡಬ್ಬಿಯೊಳಗೆ ಏನಾಗುತ್ತಿದೆ ಎಂದು ಕಾಣಬೇಕಲ್ಲ? ಅಲ್ಲಿಗೆ ಅಕ್ರಿಲಿಕ್ ಬಂತು.

1933ರಲ್ಲಿ ಜರ್ಮನಿಯ ಓಟೊ ರೋಮ್ ‘ಪ್ಲೆಕ್ಸಿಗ್ಲಾಸ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದ, ಎರಡನೇ ಮಹಾಯುದ್ಧದ ವಿಮಾನಗಳಿಗೆ ಕಿಟಕಿಯಾದ ವಸ್ತು ಇದು. ಬೆಳಕಿನ ಸುಮಾರು ಶೇ 92 ಭಾಗವನ್ನು ಹಾಯಲು ಬಿಡುತ್ತದೆ. ಗರಗಸಕ್ಕೂ ಲೇಸರಿಗೂ ಬಗ್ಗುತ್ತದೆ. ಇವತ್ತು ಅಂಗಡಿಗಳ ಹೆಸರಿನ ಬೋರ್ಡು ಮಾಡುವವರ ಬಳಿ ಈ ಶೀಟೂ ಇದೆ, ಕತ್ತರಿಸುವ ಯಂತ್ರವೂ ಇದೆ. ಹಾಗಾಗಿ ತನ್ನ ಕ್ಯಾಬಿನೆಟ್ಟಿನ ಅಳತೆಗೆ ತೊಟ್ಟಿ ಕಟ್ಟಿಕೊಳ್ಳುವುದು ಸಣ್ಣ ಊರಿನಲ್ಲೂ ಆಗುವ ಕೆಲಸ.

ಹಾಳೆಗಳನ್ನು ಇಲ್ಲಿ ಗೋಂದು ಹಾಕಿ ಅಂಟಿಸುವುದಲ್ಲ. ಎರಡು ಅಂಚು ಸೇರಿಸಿ ಹಿಡಿದು ಸೂಜಿಯಲ್ಲಿ ಕ್ಲೋರೋಫಾರ್ಮ್ ಬಿಟ್ಟರೆ ಅದು ಸಂದಿನುದ್ದಕ್ಕೂ ತಾನೇ ಹರಿದು, ಎರಡೂ ಮೈಯನ್ನು ಕರಗಿಸಿ, ಆವಿಯಾಗಿ ಹೋಗುತ್ತದೆ. ಉಳಿಯುವುದು ಒಂದೇ ಹಾಳೆ. ಆವಿ ಒಳ್ಳೆಯದಲ್ಲ, ಗಾಳಿಯಾಡುವ ಕಡೆ ಮಾಡಬೇಕು. ಲೇಸರಿನ ಬಿಸಿ ಅಂಚಿನಲ್ಲಿ ಕಾಣದ ಬಿಗಿತ ಬಿಟ್ಟುಹೋಗಿರುತ್ತದೆ. ಅದಕ್ಕೆ ಕ್ಲೋರೋಫಾರ್ಮ್ ತಾಗಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಅದಕ್ಕೇ ಬಲ್ಲವರು ಅಂಚನ್ನು ಎಮರಿ ಪೇಪರಿನಲ್ಲಿ ಉಜ್ಜಿ, 80 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿ, ನಿಧಾನವಾಗಿ ಆರಿಸುತ್ತಾರೆ. ಇದೇ ಕಾರಣಕ್ಕೆ ಸ್ಪಿರಿಟ್ಟಿನಲ್ಲಿ ಒರೆಸುವುದೂ ಕೂಡದು. ಪೈಪಿನ ಫಿಟ್ಟಿಂಗು ಕೂರುವ ತಿರುಪಿನ ಮರೆ (ಥ್ರೆಡ್) ಪ್ಲಂಬರುಗಳಿಗೆ ಪರಿಚಿತವಾದ ಕಾಲಿಂಚಿನ ಬಿಎಸ್‌ಪಿ. ನೀರು ತಡೆಯುವುದು ರಬ್ಬರ್ ರಿಂಗು, ಬಿಗಿತವಲ್ಲ. ಅತಿಯಾಗಿ ತಿರುಪಿದರೆ ಹಾಳೆಯೇ ಸೀಳುತ್ತದೆ. ಫಿಟ್ಟಿಂಗು ಹಿತ್ತಾಳೆಯದು, ಬ್ಲಾಕು ತಾಮ್ರದ್ದು. ನಡುವೆ ಅಲ್ಯುಮಿನಿಯಂ ರೇಡಿಯೇಟರ್ ಸೇರಿಸಿದರೆ ಅದು ಕೊರೆದುಹೋಗುತ್ತದೆ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇಷ್ಟಾದರೂ ತೊಟ್ಟಿ ಕೆಟ್ಟದ್ದಾಗಬಹುದು, ನಕ್ಷೆ ತಪ್ಪಿದರೆ. ವಾಪಸ್ ಬರುವ ನೀರು ಮೇಲಿನಿಂದ ಬಿದ್ದರೆ ಅದೇ ಹೊಸ ಗುಳ್ಳೆ ಎಬ್ಬಿಸುತ್ತದೆ. ಒಳಬರುವ ತೂತು ನೀರಿನ ಮಟ್ಟದ ಕೆಳಗಿರಬೇಕು. ಹೊರಹೋಗುವ ತೂತಿನ ಮೇಲೆ ನೀರು ಕಡಿಮೆಯಾದರೆ ಸುಳಿ ಎದ್ದು ಗಾಳಿಯನ್ನು ಪಂಪಿಗೆ ಎಳೆಯುತ್ತದೆ. ಎರಡರ ನಡುವೆ ಅಡ್ಡಹಲಗೆ ಬೇಕು. ತೂಬಿನ ಮುಂದೆ ಏಳುವ ಸುಳಿ ಅಣೆಕಟ್ಟಿನ ಎಂಜಿನಿಯರುಗಳಿಗೂ ತಲೆನೋವು. ಕೃಷ್ಣರಾಜಸಾಗರದಲ್ಲೇ ಇರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಅಣೆಕಟ್ಟು, ಕೋಡಿಗಳ ಚಿಕ್ಕ ಮಾದರಿ ಕಟ್ಟಿ ನೀರು ಹರಿಸಿ ನೋಡುತ್ತದೆ. ಒಳಗಿನ ಹರಿವು ಕಣ್ಣಿಗೆ ಕಾಣಬೇಕಾದ ಕಡೆ ಅಕ್ರಿಲಿಕ್ ಗೋಡೆ ಕೂರಿಸುವುದು ಇಂಥ ಪ್ರಯೋಗಾಲಯಗಳ ರೂಢಿ. ಕಂಪ್ಯೂಟರ್ ಕಟ್ಟುವ ಹುಡುಗನೂ ಮಾಡಬೇಕಾದ್ದು ಅದೇ: ಕಂಪ್ಯೂಟರಿಗೆ ಕರೆಂಟ್ ಕೊಡದೆ ಪಂಪನ್ನೊಂದೇ ಓಡಿಸಿ, ಕೀಲುಗಳ ಕೆಳಗೆ ಟಿಶ್ಯೂ ಹಾಸಿ, 24 ಗಂಟೆ ಗುಳ್ಳೆ, ಸೋರಿಕೆ ಎರಡನ್ನೂ ಗಮನಿಸುವುದು.

ಗೋಡೆ ಪಾರದರ್ಶಕವಾದ್ದರಿಂದ ಬೆಳಕು ಬಿದ್ದು ಪಾಚಿ ಕಟ್ಟುವ ತಾಪತ್ರಯವೂ ಉಂಟು. ಡಿಸ್ಟಿಲ್ಡ್ ವಾಟರಿಗೆ ಪಾಚಿ ತಡೆಯುವ ಔಷಧಿ ಬೆರೆಸಲೇಬೇಕು. ಬೋರ್ಡಿನ ಅಂಗಡಿಗೆ ಹೋಗುವ ಮುನ್ನ ಎಷ್ಟು ಲೀಟರಿನ ತೊಟ್ಟಿ ಎಂದು ತಲೆಕೆಡಿಸಿಕೊಳ್ಳಬೇಡಿ, ಕಾಲು ಲೀಟರ್ ಧಾರಾಳ. ತೂತು ಎಲ್ಲಿ, ಮಟ್ಟ ಎಲ್ಲಿ, ಗಾಳಿ ಹೋಗಲು ದಾರಿ ಎಲ್ಲಿ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ದೊಡ್ಡ ತೊಟ್ಟಿಗೆ ಹಾಕಬೇಕೆಂದಿದ್ದ ದುಡ್ಡನ್ನು ದೊಡ್ಡ ರೇಡಿಯೇಟರಿಗೆ ಹಾಕಿ.